ಅರವತ್ತು ಛತ್ರಿಗಳ ಮೇಲೆ ದೇವರಾಜ

ಕೊಟ್ಟಿಗೆಹಾರದ ದೇವರಾಜನಿಗೆ ಇದ್ದದ್ದು ನಾಲ್ಕೂವರೆ ಎಕರೆ ಕಾಫಿ. ಆದರೆ ಆತ ರಸ್ತೆ ಮಧ್ಯೆ ನಿಂತು, ಕೈ ಚಾಚಿ, ‘ಅಲ್ಲಿಂದ ಹಿಡ್ದು ಇಲ್ಲೀವರ್ಗೂ ನಮ್ದೇ’ ಎಂದು ತೋರಿಸಿದನೆಂದರೆ ಅದರೊಳಗೆ ಅರ್ಧ ಮೂಡಿಗೆರೆ ತಾಲ್ಲೂಕು, ಒಂದು ಮೀಸಲು ಅರಣ್ಯ, ಮಂಜು ಸರಿದ ದಿನವಾದರೆ ಅರಬ್ಬೀ ಸಮುದ್ರದ ಒಂದು ಚೂರು ಕೂಡ ಬಂದು ಸೇರಿಕೊಳ್ಳುತ್ತಿದ್ದವು. ಇಂಥ ವಿಶಾಲವಾದ ಕೈಯುಳ್ಳ ಮನುಷ್ಯನಿಗೆ ಸಣ್ಣ ಕಾಫಿ ಬೆಳೆಗಾರರ ಸಂಘದ ಅಧ್ಯಕ್ಷನಾಗಬೇಕು ಎನ್ನಿಸಿದ್ದರಲ್ಲಿ ತಪ್ಪೇನಿಲ್ಲ. ತಪ್ಪಿದ್ದದ್ದು ಹಿಂದಿನ ಚುನಾವಣೆಯ ಲೆಕ್ಕದಲ್ಲಿ. ಅವನ ಮನೆಯಲ್ಲಿ ಮೂರು ಮತಗಳಿದ್ದವು: ಅವನದು, ತಾಯಿಯದು, ಹೆಂಡತಿ ತುಂಗಮ್ಮನದು. ಪೆಟ್ಟಿಗೆ ತೆರೆದಾಗ ಅವನಿಗೆ ಬಿದ್ದದ್ದು ಎರಡು.

ಆ ಮೂರನೆಯ ಮತ ಎಲ್ಲಿ ಹೋಯಿತೆಂಬ ವಿಚಾರಣೆ ಮನೆಯಲ್ಲಿ ಐದು ವರ್ಷ ನಡೆಯಿತು. ತಾಯಿ ಧರ್ಮಸ್ಥಳದ ಆಣೆ ಇಟ್ಟರು. ತುಂಗಮ್ಮ ಆಣೆ ಇಡಲಿಲ್ಲ. ‘ಗುಪ್ತ ಮತದಾನ ಅಂದ್ರೆ ಗುಪ್ತ’ ಎಂದು ರೊಟ್ಟಿ ತಟ್ಟಿದಳು.

ಎರಡು ಸಾವಿರದ ಎರಡನೇ ಇಸವಿ ಜೂನ್ ತಿಂಗಳಲ್ಲಿ ಮತ್ತೆ ಚುನಾವಣೆ ಬಂತು. ಎದುರಾಳಿ ಅವರೇ, ಹದಿನೈದು ವರ್ಷದಿಂದ ಅಧ್ಯಕ್ಷರಾಗಿದ್ದ ಚಂದ್ರಶೇಖರಪ್ಪನವರು. ಆದರೆ ನಾಮಪತ್ರ ಪಡೆದ ಕೂಡಲೇ ಚಿಹ್ನೆ ಹಂಚಿಬಿಡುವ ಆ ಸಂಘದಲ್ಲಿ ಈ ಸಲ ದೈವ ಒಂದಿಷ್ಟು ಕಣ್ಣು ಮಿಟುಕಿಸಿತ್ತು. ಚಂದ್ರಶೇಖರಪ್ಪನವರಿಗೆ ಸೀಲಿಂಗ್ ಫ್ಯಾನು, ದೇವರಾಜನಿಗೆ ಛತ್ರಿ. ಜೂನ್ ತಿಂಗಳಲ್ಲಿ, ಕೊಟ್ಟಿಗೆಹಾರದಲ್ಲಿ! ಅಲ್ಲಿಯ ಮಳೆ ಹೇಗೆಂದರೆ ಮೀನುಗಳು ಹೊಳೆ ಬಿಟ್ಟು ಬಸ್‌ಸ್ಟ್ಯಾಂಡಿನಲ್ಲಿ ಆಶ್ರಯ ಪಡೆಯುತ್ತವೆ. ಫ್ಯಾನು ಎಂಬ ವಸ್ತುವನ್ನು ಜನ ಮಂಗಳೂರಿಗೆ ಹೋದಾಗ ಮಾತ್ರ ತಲೆ ಎತ್ತಿ ನೋಡಿ ಬರುತ್ತಾರೆ.

‘ಗೆದ್ದೆ ಮಾರಾಯ್ತಿ!’ ಎಂದ ದೇವರಾಜ ಹೆಂಡತಿಗೆ. ‘ಒಬ್ಬೊಬ್ಬ ಮತದಾರನಿಗೂ ಒಂದೊಂದು ಛತ್ರಿ. ಅದರ ಮೇಲೆ ನನ್ನ ಮುಖ.’

‘ಮುಖ ಯಾಕೆ? ಛತ್ರಿ ಸಾಲ್ದಾ?’ ಎಂದಳು ತುಂಗಮ್ಮ.

ಹೆಂಗಸರಿಗೆ ರಾಜಕೀಯ ತಿಳಿಯುವುದಿಲ್ಲ ಎಂದುಕೊಂಡ ದೇವರಾಜ. ಆ ಕಡೆಯ ಹೋಟೆಲಿನ ಬಾಗಿಲಲ್ಲಿ, ಬ್ಯಾಂಕಿನ ಮೆಟ್ಟಿಲ ಮೇಲೆ, ದೇವಸ್ಥಾನದ ಜಗುಲಿಯಲ್ಲಿ ಬಿಟ್ಟ ಕರಿ ಛತ್ರಿಗಳು ಒಳಗೆ ಹೋಗಿ ಬರುವಷ್ಟರಲ್ಲಿ ಮಾಲೀಕರನ್ನು ಬದಲಾಯಿಸುತ್ತವೆ. ಅದಕ್ಕೇ ಮಳೆಗಾಲಕ್ಕೆ ಮುಂಚೆ ಎಲ್ಲರೂ ಛತ್ರಿಗೆ ಬಿಳಿ ಬಣ್ಣದಲ್ಲಿ ಹೆಸರು ಬರೆಸುವುದು. ಹೆಸರಿದ್ದ ಛತ್ರಿಯನ್ನೇ ಯಾರೂ ಒಯ್ಯುವುದಿಲ್ಲವಾದರೆ ಮುಖವಿದ್ದ ಛತ್ರಿ ಹಿಡಿದವನ ಮತವನ್ನು ಯಾರು ಒಯ್ದಾರು? ಇದು ದೇವರಾಜನ ತರ್ಕ. ಇಂಥ ತರ್ಕ ದೆಹಲಿಯಲ್ಲಿ ಯಾರಿಗಾದರೂ ಹೊಳೆದಿದ್ದರೆ ದೇಶದ ಚರಿತ್ರೆಯೇ ಬೇರೆಯಾಗುತ್ತಿತ್ತು.

ಉಳಿದದ್ದು ಒಂದೇ ಪ್ರಶ್ನೆ: ಬಟ್ಟೆಯ ಮೇಲೆ ಮುಖವನ್ನು ಅಚ್ಚು ಹಾಕುವುದು ಹೇಗೆ?

ಮೊದಲ ಸಲಹೆ ಕೊಟ್ಟವನು ತೋಟದ ಮೇಸ್ತ್ರಿ ಗುರುವಯ್ಯ. ಅರವತ್ತು ದಾಟಿದ್ದರೂ ಗುರುವಯ್ಯನಿಗೆ ತಿಳಿಯದ ವಿದ್ಯೆ ಎಂಬುದಿರಲಿಲ್ಲ. ‘ಅಯ್ಯ, ಕಾಫಿ ಮೂಟೆ ಮೇಲೆ ಹೆಸ್ರು ಹೊಡೆಯೋ ತಗಡಿನ ಅಚ್ಚು ಇದ್ಯಲ್ಲ, ಹಂಗೇ ನಿಮ್ಮ ಮುಖಾನೂ ತಗಡಲ್ಲಿ ಕತ್ತರ್ಸಿದ್ರಾಯ್ತು. ಮೇಲೆ ಬಣ್ಣ ಸವರಿದ್ರೆ ಕೆಳಗೆ ನೀವು!’

ಕತ್ತರಿಸಿದರು. ಹಳೆಯ ಗೋಣಿಚೀಲದ ಮೇಲೆ ಇಟ್ಟು ಬಣ್ಣ ಸವರಿ ತಗಡು ಎತ್ತಿದರು. ಎರಡು ದುಂಡು ಕಣ್ಣು, ಒಂದು ಮೀಸೆ, ನಡುವೆ ಏನೂ ಇಲ್ಲ. ದೇವರಾಜನ ತಾಯಿ ಜಗುಲಿಯಿಂದ ಬಗ್ಗಿ ನೋಡಿ, ‘ಪುನುಗಿನ ಬೆಕ್ಕು ಚೆಂದ ಬಂದದೆ’ ಎಂದರು. ಹೆತ್ತ ತಾಯಿಯೇ ಗುರುತಿಸದ ಮೇಲೆ ಮತದಾರ ಗುರುತಿಸುವುದೆಲ್ಲಿ? ದೇವರಾಜ ಮೂಡಿಗೆರೆ ಬಸ್ಸು ಹತ್ತಿದ.

ಮೂಡಿಗೆರೆಯಲ್ಲಿ ಛತ್ರಿಗೆ ಹೆಸರು ಬರೆಯುವ ಆರ್ಟಿಸ್ಟ್ ಶಂಕರನಿದ್ದ. ಅವನ ಅಕ್ಷರ ನೋಡಿದರೆ ಅಕ್ಷರ ಬಾರದವರೂ ನಿಂತು ಓದಬೇಕು, ಅಷ್ಟು ಮುದ್ದು. ಶಂಕರ ದೇವರಾಜನನ್ನು ಸ್ಟೂಲಿನ ಮೇಲೆ ಕೂರಿಸಿ, ಮುಖವನ್ನು ಮುಕ್ಕಾಲು ಗಂಟೆ ದಿಟ್ಟಿಸಿ, ಒಂದು ಛತ್ರಿಯ ಮೇಲೆ ಕುಂಚ ಆಡಿಸಿ ತಿರುಗಿಸಿ ತೋರಿಸಿದ. ದೇವರಾಜ ಸ್ಟೂಲಿನಿಂದ ಬಿದ್ದ.

ಛತ್ರಿಯ ಮೇಲೆ ಚಂದ್ರಶೇಖರಪ್ಪನವರು ನಗುತ್ತಿದ್ದರು.

‘ಎಂಥದೋ ಇದು!’

‘ಬೇಜಾರ್ ಮಾಡ್ಕೋಬೇಡಿ ದೇವರಾಜಣ್ಣ. ಹದಿನೈದು ವರ್ಷದಿಂದ ಪ್ರತಿ ಎಲೆಕ್ಷನ್‌ಗೂ ಗೋಡೆ ಮೇಲೆ ಅವ್ರನ್ನೇ ಬರ್ದೂ ಬರ್ದೂ ಕೈ ಅದೇ ದಾರಿ ಹಿಡಿಯುತ್ತೆ. ಮೊನ್ನೆ ದೇವಸ್ಥಾನದಲ್ಲಿ ಹನುಮಂತನ್ನ ಬರೆದೆ, ಅವ್ನೂ ಇವ್ರ ಥರಾನೇ ಬಂದ. ಭಟ್ರು ಕಿರೀಟ ದೊಡ್ಡದು ಮಾಡ್ಸಿ ಅಡ್ಜಸ್ಟ್ ಮಾಡ್ಕೊಂಡ್ರು. ನಿಮ್ಗೂ ಮೀಸೆ ಸ್ವಲ್ಪ ದಪ್ಪ ಮಾಡ್ಲಾ?’

ಅಲ್ಲಿಂದ ಎದ್ದ ದೇವರಾಜ ನಿಂತದ್ದು ಚಿಕ್ಕಮಗಳೂರಿನ ಒಂದು ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಯಲ್ಲಿ. ಅಲ್ಲಿಯ ಯಜಮಾನರು ಕೈಗೆ ಮೂರು ಬಣ್ಣ ಮೆತ್ತಿಕೊಂಡಿದ್ದರು, ಮಾತಿನಲ್ಲಿ ಮಾತ್ರ ಒಂದೂ ಬಣ್ಣವಿಲ್ಲ. ‘ಕರಿ ಬಟ್ಟೆ ಅಂದ್ರೆ ಮೊದ್ಲು ಬಿಳಿ ಬಣ್ಣ ಹೊಡೀಬೇಕು. ಅದು ಒಣಗಬೇಕು. ಆಮೇಲೆ ಒಂದೊಂದು ಬಣ್ಣಕ್ಕೂ ಒಂದೊಂದು ಚೌಕಟ್ಟು, ಜಾಲರಿ. ಹೊಡ್ದು ಒಣಗಿಸ್ಬೇಕು. ಛತ್ರಿ ಬಟ್ಟೆನ ಕಡ್ಡಿಯಿಂದ ಬಿಚ್ಚಿ ತರಬೇಕು. ಬಿಸಿಲು ಬೇಕು.’

‘ಎಷ್ಟು ಬಿಸಿಲು?’

‘ಬಣ್ಣಕ್ಕೆ ಎರಡು ದಿನದ್ದು.’

ದೇವರಾಜ ಕಿಟಕಿಯಿಂದ ಹೊರಗೆ ನೋಡಿದ. ಯಜಮಾನರೂ ನೋಡಿದರು. ಹೊರಗೆ ಆಕಾಶವೇ ಇರಲಿಲ್ಲ.

‘ಅಕ್ಟೋಬರ್‌ಗೆ ಬನ್ನಿ’ ಎಂದರು ಯಜಮಾನರು.

ಚುನಾವಣೆಗೆ ಉಳಿದದ್ದು ಹದಿನಾಲ್ಕು ದಿನ.

ಕೊನೆಗೆ ಕೈಹಿಡಿದವನು ಮೂಡಿಗೆರೆಯ ಫೋಟೋ ಸ್ಟುಡಿಯೋ ಸುರೇಂದ್ರ. ಕಂಪ್ಯೂಟರು ತಂದ ಹೊಸತು. ಅದರ ಮೇಲೊಂದು ಕಸೂತಿ ಬಟ್ಟೆ ಹೊದಿಸಿ, ಊದುಬತ್ತಿ ಹಚ್ಚಿ ಇಟ್ಟಿದ್ದ. ‘ಫೋಟೋನ ಈ ಹಾಳೆ ಮೇಲೆ ಪ್ರಿಂಟ್ ತೆಗೀತೀನಿ ಸಾರ್. ಹಾಳೆ ಹಿಂದೆ ಬಿಳಿ ಪದರ ಇದೆ, ಕರಿ ಬಟ್ಟೆಗೇ ಅಂತ ಮಾಡಿದ್ದು. ಮೇಲಿಂದ ಇಸ್ತ್ರಿ ಪೆಟ್ಟಿಗೆ ಒತ್ತಿದ್ರೆ ಬಟ್ಟೆಗೆ ಅಂಟಿ ಕೂತ್ಕೊಳ್ಳುತ್ತೆ. ಬಿಸಿಲೂ ಬೇಡ, ಬ್ರಷ್ಷೂ ಬೇಡ.’

ಮೊದಲು ನೈಲಾನ್ ಛತ್ರಿಯ ಮೇಲೆ ಪ್ರಯೋಗವಾಯಿತು. ಇಸ್ತ್ರಿ ಎತ್ತಿದಾಗ ಮುಖವೂ ಇಲ್ಲ, ಬಟ್ಟೆಯೂ ಇಲ್ಲ. ಅಂಗೈಯಗಲದ ತೂತಿನ ಆಚೆ ಸುರೇಂದ್ರ ಕೆಮ್ಮುತ್ತಿದ್ದ. ಹಾಗಾಗಿ ಅಜ್ಜಂದಿರ ಕಾಲದ ಹತ್ತಿ ಬಟ್ಟೆಯ ಕರಿ ಛತ್ರಿ, ಬಿದಿರಿನ ಬಾಗಿದ ಹಿಡಿಕೆಯದು, ಎಂದು ನಿರ್ಧಾರವಾಯಿತು. ಒಟ್ಟು ಮತ ಅರವತ್ತಮೂರು. ಮನೆಯ ಮೂರು ಕಳೆದು ಅರವತ್ತು ಛತ್ರಿ.

‘ಫೋಟೋ ಯಾವ್ದು ಸಾರ್?’

ದೇವರಾಜ ಜೇಬಿನಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಫೋಟೋ ತೆಗೆದ. ಶಾಲೆಗೆ ಗೇಟು ಮಾಡಿಸಿಕೊಟ್ಟಾಗ ನಡೆದ ಸನ್ಮಾನದ್ದು. ಅವನ ಜೀವಮಾನದಲ್ಲಿ ಕೊರಳಿಗೆ ಬಿದ್ದ ಏಕೈಕ ಗಂಧದ ಹಾರ ಅದರಲ್ಲಿತ್ತು. ಸುರೇಂದ್ರ ಅದನ್ನು ಬೆಳಕಿಗೆ ಹಿಡಿದ. ‘ಫ್ಲ್ಯಾಶಿಗೆ ಕಣ್ಣು ಮುಚ್ಚಿಬಿಟ್ಟಿದೀರಿ ಸಾರ್.’

‘ಅದು ವಿನಯ ಮಾರಾಯ.’

‘ಕಣ್ಣು ತೆರೆದಿರೋದು ಬೇರೆ ಯಾವ್ದಾದ್ರೂ…’

‘ಹಾರ ಇರೋದು ಇದೊಂದೇ. ಮಾಡು.’

ಸುರೇಂದ್ರನ ಸ್ಟುಡಿಯೋದ ಮುಖ್ಯ ಕಸುಬು ಹೋದವರ ಫೋಟೋ ದೊಡ್ಡದು ಮಾಡಿ ಕಟ್ಟು ಹಾಕಿಸುವುದು. ಆ ಕೈಗೆ ಅಭ್ಯಾಸವಾದ ಅಂದವೊಂದಿತ್ತು. ಮುಖವನ್ನು ಮೊಟ್ಟೆಯಾಕಾರದಲ್ಲಿ ಕತ್ತರಿಸಿದ, ಸುತ್ತ ಬಿಳಿ ಅಂಚು ಬಿಟ್ಟ, ತಲೆಯ ಹಿಂದೆ ಒಂದು ತಿಳಿ ಪ್ರಭೆ ಕೊಟ್ಟ, ಕೆಳಗೆ ‘ದೇವರಾಜ, ಕೊಟ್ಟಿಗೆಹಾರ’ ಎಂದಷ್ಟೇ ಹಾಕಿದ. ಮತ ಕೊಡಿ ಎಂದು ಹಾಕುವಂತಿರಲಿಲ್ಲ. ಚುನಾವಣಾಧಿಕಾರಿ ಮಲ್ಲಿಕಾರ್ಜುನ ಅವರು ನಿಯಮದ ಪುಸ್ತಕವನ್ನು ತಲೆದಿಂಬಾಗಿ ಇಟ್ಟುಕೊಂಡು ಮಲಗುವವರು.

ಅರವತ್ತು ಛತ್ರಿ ಸಿದ್ಧವಾಗಿ ಗೋಡೆಗೆ ಒರಗಿದಾಗ ದೇವರಾಜ ಒಂದೊಂದರ ಮುಂದೂ ನಿಂತು ನೋಡಿದ. ತಾನು ಇಷ್ಟು ಶಾಂತನೆಂದು ಅವನಿಗೆ ಈವರೆಗೆ ಗೊತ್ತಿರಲಿಲ್ಲ.

ನಾಮಪತ್ರ ಹಿಂತೆಗೆಯಲು ಶುಕ್ರವಾರ ಮಧ್ಯಾಹ್ನ ಮೂರು ಗಂಟೆ ಕಡೆಯ ಗಡುವು. ದೇವರಾಜ ಕೂಡ ಎಲ್ಲ ದೊಡ್ಡ ರಾಜಕಾರಣಿಗಳಂತೆ, ತನ್ನದು ಎಲ್ಲಾದರೂ ತಿರಸ್ಕೃತವಾದರೆ ಇರಲಿ ಎಂದು ತುಂಗಮ್ಮನ ಹೆಸರಿನಲ್ಲೊಂದು ಡಮ್ಮಿ ನಾಮಪತ್ರ ಹಾಕಿಸಿದ್ದ. ಈಗ ಅದನ್ನು ಹಿಂತೆಗೆಯುವ ಕಾಗದಕ್ಕೆ ಅವಳಿಂದ ಸಹಿ ಹಾಕಿಸಿ ಜೇಬಿನಲ್ಲಿಟ್ಟುಕೊಂಡ. ಬೆಳಿಗ್ಗೆ ದೇವರಮನೆ ಗುಡ್ಡದ ಗುಡಿಗೆ ಹೋಗಿ ಕಾಲಭೈರವನಿಗೆ ಕೈ ಮುಗಿದು, ಮೂರರೊಳಗೆ ಬಂದು ಕಾಗದ ಕೊಡುವುದು. ಅಷ್ಟರಲ್ಲಿ ಗುರುವಯ್ಯ ಬಾಡಿಗೆ ಜೀಪಿನಲ್ಲಿ ಅರವತ್ತು ಮನೆಗೂ ಛತ್ರಿ ಮುಟ್ಟಿಸುವುದು. ಇದು ಏರ್ಪಾಡು.

‘ಗುರುವಯ್ಯ, ಮಾತು ಬೇಡ’ ಎಂದು ದೇವರಾಜ ತಾಕೀತು ಮಾಡಿದ. ‘ಆ ಅಧಿಕಾರಿ ಕಿವಿ ದೊಡ್ಡದು. ಮತ ಕೇಳ್ದೆ ಅಂತ ಕೇಸ್ ಹಾಕ್ತಾರೆ. ಛತ್ರಿ ಬಿಚ್ಚಿ ತೋರ್ಸು, ಕೊಡು, ಕೈ ಮುಗಿ, ಬಾ.’

ಗುರುವಯ್ಯ ತಲೆಯಾಡಿಸಿದ. ಮಾತಾಡುವ ಸ್ಥಿತಿಯಲ್ಲೂ ಆತ ಇರಲಿಲ್ಲ. ಹಿಂದಿನ ರಾತ್ರಿಯಿಂದ ದವಡೆ ಹಲ್ಲು ಕಿತ್ತು ಬರುವಂತೆ ನೋಯುತ್ತಿತ್ತು. ಬಾಯಿ ತುಂಬ ಲವಂಗ ತುಂಬಿಕೊಂಡಿದ್ದ. ಕಣ್ಣಿನಿಂದ ದಳದಳ ನೀರು.

ಈಗ ಓದುವವರು ಒಂದು ಕ್ಷಣ ತಾವೇ ಬಾಗಿಲು ತೆರೆದಂತೆ ಭಾವಿಸಿಕೊಳ್ಳಬೇಕು. ಹೊರಗೆ ಜಡಿಮಳೆ. ಜಗುಲಿಯಲ್ಲಿ ದೇವರಾಜನ ಮನೆಯ ಹಳೆಯ ಮೇಸ್ತ್ರಿ, ಕಣ್ಣಲ್ಲಿ ಧಾರಾಕಾರ. ಆತ ಏನೂ ಹೇಳದೆ ಒಂದು ಕರಿ ಛತ್ರಿ ಬಿಚ್ಚುತ್ತಾನೆ. ಕರಿ ಬಟ್ಟೆಯ ಮೇಲೆ, ಬಿಳಿ ಅಂಚಿನೊಳಗೆ, ಗಂಧದ ಹಾರ ಹಾಕಿಕೊಂಡು, ಕಣ್ಣು ಮುಚ್ಚಿ, ತಲೆಯ ಹಿಂದೆ ಪ್ರಭೆ ಸಮೇತ ದೇವರಾಜ. ‘ಅಯ್ಯೋ, ಯಾವಾಗ?’ ಎನ್ನುತ್ತೀರಿ. ಆತ ಉತ್ತರಿಸಲಾರದೆ ದವಡೆ ಹಿಡಿದು ತಲೆಯಲ್ಲಾಡಿಸುತ್ತಾನೆ, ಕೈ ಮುಗಿಯುತ್ತಾನೆ, ಮಳೆಯಲ್ಲಿ ಮರೆಯಾಗುತ್ತಾನೆ.

ಅರವತ್ತು ಮನೆ. ಅರವತ್ತು ಆಘಾತ. ಕೊನೆಯ ಛತ್ರಿ ಕೊಟ್ಟ ಗುರುವಯ್ಯ ಅದೇ ಜೀಪಿನಲ್ಲಿ ಮೂಡಿಗೆರೆಗೆ ಹಲ್ಲು ಕೀಳಿಸಲು ಹೋದ. ಸತ್ಯ ಹೇಳಿದರೆ ಊರು ನಂಬಬಹುದಾಗಿದ್ದ ಒಂದೇ ಬಾಯಿ ಆ ದಿನ ಡಾಕ್ಟರ ಮುಂದೆ ತೆರೆದುಕೊಂಡು ಕೂತಿತ್ತು.

ದೇವರಮನೆಯಲ್ಲಿ ಕಾಲಭೈರವನಿಗೂ ಭಕ್ತನಿಗೂ ನಡುವೆ ಆ ದಿನ ಎಂಥ ಮಂಜೆಂದರೆ, ದೇವರಾಜ ಅರ್ಧ ಗಂಟೆ ಕೈ ಮುಗಿದದ್ದು ಕಂಬಕ್ಕೆ. ಆಮೇಲೆ ದೇವರನ್ನು ಹುಡುಕಿ ಪುನಃ ಮುಗಿದ. ಮೊಬೈಲ್ ಎಂಬುದು ಆ ಗುಡ್ಡಗಳಿಗೆ ಇನ್ನೂ ಹತ್ತಿರಲಿಲ್ಲ. ಮಂಕಿ ಟೋಪಿ ಕುತ್ತಿಗೆವರೆಗೆ ಎಳೆದು, ಮೇಲೊಂದು ರೈನ್‌ಕೋಟು ತೊಟ್ಟು, ಯಾವುದೋ ಎಸ್ಟೇಟಿನ ಟ್ರ್ಯಾಕ್ಟರ್ ಹತ್ತಿ ಆತ ಕೊಟ್ಟಿಗೆಹಾರದಲ್ಲಿ ಇಳಿದಾಗ ಎರಡೂ ಕಾಲು ಗಂಟೆ.

ಇಳಿದವನು ಬೆಚ್ಚಿದ. ಊರು ಬಾಗಿಲು ಹಾಕಿಕೊಂಡಿತ್ತು. ಕಿರಾಣಿ ಅಂಗಡಿ ಮುಚ್ಚಿದೆ, ಸಲೂನು ಮುಚ್ಚಿದೆ. ಇದಾದರೂ ಆಗಬಹುದು. ಆದರೆ ನೀರುದೋಸೆ ಹೋಟೆಲಿನ ಒಲೆ ಆರಿತ್ತು! ಘಾಟಿ ಕುಸಿದು ರಸ್ತೆ ಬಂದಾದಾಗಲೂ, ಪ್ರಪಂಚದ ಕೊನೆ ಎಂದು ಪೇಪರಿನಲ್ಲಿ ಬಂದ ದಿನವೂ ಆರದ ಒಲೆ ಅದು. ಊರಲ್ಲಿ ಯಾರೋ ಭಾರೀ ಗಣ್ಯರೇ ಹೋಗಿರಬೇಕು.

ಹೋಟೆಲಿನ ಮಾಡಿನ ಕೆಳಗೆ ಹೂ ಮಾರುವ ಬಸಮ್ಮ ಒಬ್ಬಳೇ ಕೂತಿದ್ದಳು. ಬಸಮ್ಮನ ಕನ್ನಡಕ ಬಾಟಲಿಯ ತಳದಷ್ಟು ದಪ್ಪ, ಅದರ ಮೇಲೆ ಮಂಜು.

‘ಯಾರು ಹೋದ್ರು ಬಸಮ್ಮ?’

‘ಗೊತ್ತಿಲ್ವಾ? ಯಾವ್ ಊರಿಂದ ಬಂದ್ರಿ ನೀವು? ಎಲೆಕ್ಷನ್‌ಗೆ ನಿಂತಿದ್ರಲ್ಲ, ಅವ್ರೇ. ಬೆಳಿಗ್ಗೆ ಗಟ್ಟಿಮುಟ್ಟಾಗಿದ್ರಂತೆ. ಇನ್ನೊಂದು ವಾರ ಇದ್ದಿದ್ರೆ ಅಧ್ಯಕ್ಷರೇ ಆಗ್ತಿದ್ರು ಅಂತ ಎಲ್ರೂ ಅಂತಿದ್ರು. ಸಂಘದ ಹಾಲ್‌ನಲ್ಲಿ ಸಂತಾಪ ಸಭೆ. ಎಲ್ಲಾ ಅಲ್ಲೇ ಹೋಗವ್ರೆ.’

ದೇವರಾಜ ಬೆರಳು ಮಡಚಿ ಲೆಕ್ಕ ಹಾಕಿದ. ಎಲೆಕ್ಷನ್ನಿಗೆ ನಿಂತವರು ಇಬ್ಬರು. ಅದರಲ್ಲಿ ಒಬ್ಬ ತಾನು. ತಾನು ಇಲ್ಲಿದ್ದೇನೆ, ಕಾಲು ಒದ್ದೆಯಾಗಿದೆ, ಹೊಟ್ಟೆ ಹಸಿದಿದೆ. ಎರಡರಲ್ಲಿ ಒಂದು ಕಳೆದರೆ…

‘ಅಯ್ಯೋ ಚಂದ್ರಶೇಖರಪ್ಪನವ್ರೇ!’ ಎಂದ ಮೆಲ್ಲಗೆ.

ಮೊದಲು ನಿಜವಾದ ಆಘಾತ. ಅದರ ಹಿಂದೆಯೇ ನಿಜವಾದ ದುಃಖ. ಎಷ್ಟೆಂದರೂ ಐದು ವರ್ಷ ಪ್ರತಿದಿನ ಬೈದ ಮನುಷ್ಯ. ದುಃಖದ ಬೆನ್ನಿಗೆ ಅಂಟಿಕೊಂಡು, ತಲೆ ತಗ್ಗಿಸಿಕೊಂಡು, ಮೂರನೆಯದೊಂದು ಬಂತು. ಅದಕ್ಕೆ ಹೆಸರಿಡುವುದು ಬೇಡ. ಎದುರಾಳಿ ಇಲ್ಲದ ಮೇಲೆ ಗೆದ್ದವನು ಯಾರು?

ಸಂಘದ ಹಾಲ್ ಅಲ್ಲಿಂದ ಹತ್ತು ನಿಮಿಷದ ದಾರಿ. ಸಮಯ ಎರಡೂವರೆ. ಆದರೆ ಇನ್ನು ಓಡುವುದೇಕೆ? ಜೇಬಿನಲ್ಲಿದ್ದ ಡಮ್ಮಿ ಕಾಗದಕ್ಕೆ ಇನ್ನೇನು ಬೆಲೆ? ಭಾವಿ ಅಧ್ಯಕ್ಷನಾದವನು ಸಂತಾಪ ಸಭೆಗೆ ಏದುಸಿರು ಬಿಡುತ್ತ ಹೋಗುವುದು ಶೋಭೆಯಲ್ಲ. ಬಸಮ್ಮನ ಬುಟ್ಟಿಯಲ್ಲಿ ಉಳಿದಿದ್ದ ದೊಡ್ಡ ಹಾರ ಆರಿಸಿಕೊಂಡ. ಬಸ್ ತಂಗುದಾಣದಲ್ಲಿ ಕೂತು ನಾಲ್ಕು ಮಾತು ಕಟ್ಟಿದ: ‘ಅವರ ಹಾದಿಯಲ್ಲೇ ನಡೆಯುತ್ತೇನೆ’ ಎಂಬಲ್ಲಿ ಗಂಟಲು ನಡುಗಬೇಕು. ಮಲಗಿದ್ದ ನಾಯಿಯೊಂದರ ಮುಂದೆ ಮೂರು ಸಲ ನಡುಗಿಸಿ ನೋಡಿದ. ನಾಯಿ ಎದ್ದು ಹೋಯಿತು.

ಸಂಘದ ಜಗುಲಿ ತಲುಪಿದಾಗ ಅವನ ಕಣ್ಣು ಅರಳಿತು. ಬಾಗಿಲಿನ ಎರಡೂ ಕಡೆ ನೀರು ಸೋರಲು ಬಿಚ್ಚಿಟ್ಟ ಛತ್ರಿಗಳು. ಎಲ್ಲವೂ ಅವನವೇ! ಅರವತ್ತು ದೇವರಾಜರು ಕಣ್ಣು ಮುಚ್ಚಿ ಸಾಲಾಗಿ ಮಲಗಿದ್ದರು. ಎಂಥ ನಿಷ್ಠೆ! ಚಂದ್ರಶೇಖರಪ್ಪನವರ ಸಂತಾಪಕ್ಕೆ ಬರುವಾಗಲೂ ಜನ ತನ್ನ ಛತ್ರಿ ಬಿಟ್ಟಿಲ್ಲ. ಮಂಕಿ ಟೋಪಿ ತೆಗೆದು, ಕೂದಲು ಒತ್ತಿ, ಹಾರವನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು ಬಾಗಿಲಲ್ಲಿ ನಿಂತ.

ಒಳಗೆ ಮೈಕಿನಲ್ಲಿ ಯಾರೋ ಬಿಕ್ಕುತ್ತಿದ್ದರು. ‘…ಅಂಥ ಮನುಷ್ಯ ಇನ್ನು ಹುಟ್ಟಲ್ಲ. ದೇವರಾಜ ನನ್ನ ತಮ್ಮ! ಅವನು ಎಲ್ಲೂ ಹೋಗಿಲ್ಲ. ಇಲ್ಲೇ ಇದ್ದಾನೆ. ಈಗ್ಲೂ ನಮ್ಮನ್ನ ನೋಡ್ತಾ ನಿಂತಿದ್ದಾನೆ…’ ಎಂದು ಮಾತಾಡುತ್ತಿದ್ದವರು ತಲೆ ಎತ್ತಿದರು.

ಬಾಗಿಲಲ್ಲಿ ದೇವರಾಜ ನಿಂತಿದ್ದ. ಮೈಕಿನ ಮುಂದೆ ಚಂದ್ರಶೇಖರಪ್ಪನವರು ನಿಂತಿದ್ದರು.

ಅಂದಿನ ಆ ಕಿರುಚಾಟ ಯಾರು ಮೊದಲು ಶುರು ಮಾಡಿದರೆಂದು ಇವತ್ತಿಗೂ ಆ ಕಡೆ ವಾದವಿದೆ. ದೇವರಾಜನೇ ಮೊದಲು ಎಂಬುದು ಬಹುಮತ. ಚಾರ್ಮಾಡಿ ಘಾಟಿ ಇಳಿಯುತ್ತಿದ್ದ ಲಾರಿಗಳು ಹಾರನ್ ಕೇಳಿದಂತಾಗಿ ಸೈಡು ಕೊಟ್ಟವಂತೆ.

‘ನೀವು ಸತ್ತಿಲ್ವಾ!’ ಎಂದ ದೇವರಾಜ.

‘ನೀನು ಸತ್ತಿಲ್ವಾ!’ ಎಂದರು ಚಂದ್ರಶೇಖರಪ್ಪನವರು. ಅವನ ಕೈಯಲ್ಲಿದ್ದ ಹಾರ ಕಂಡು ಅವರ ಬಣ್ಣವೇ ಇಳಿಯಿತು. ‘ಹಾರ ಹಿಡ್ಕೊಂಡು ಕರ್ಕೊಂಡೋಗೋಕೆ ಬಂದಿದ್ದಾನೆ! ನಾನು ಬರಲ್ಲ ಕಣೋ! ಒಳ್ಳೇ ಮಾತೇ ಆಡಿದೀನಲ್ಲೋ ನಿನ್ನ ಬಗ್ಗೆ!’ ಎಂದು ಮೇಜಿನ ಕೆಳಗೆ ಹೋದರು. ಜನರಲ್ಲಿ ಅರ್ಧ ಕಿಟಕಿಯ ಕಡೆ, ಅರ್ಧ ಬಾಗಿಲ ಕಡೆ ನುಗ್ಗಿದರು. ಬಾಗಿಲಲ್ಲಿ ದೇವರಾಜನೇ ಇದ್ದದ್ದರಿಂದ ಅವರೂ ಕಿಟಕಿಗೇ ತಿರುಗಿದರು.

ಅಲುಗಾಡದೆ ಕೂತಿದ್ದವರು ಮೂವರೇ. ಮುಂದಿನ ಸಾಲಿನಲ್ಲಿ ತುಂಗಮ್ಮ. ಅವಳ ತಲೆಯನ್ನು ತನ್ನ ಹೆಗಲಿಗೆ ಬಲವಾಗಿ ಒತ್ತಿ ಹಿಡಿದಿದ್ದ ಪಕ್ಕದ ಮನೆಯ ಸಾವಿತ್ರಮ್ಮ. ಮೇಜಿನ ಹಿಂದೆ ನಿಯಮದ ಪುಸ್ತಕದೊಡನೆ ಚುನಾವಣಾಧಿಕಾರಿ ಮಲ್ಲಿಕಾರ್ಜುನ.

‘ಯಾರು ನೀವು?’ ಎಂದರು ಮಲ್ಲಿಕಾರ್ಜುನ ಕನ್ನಡಕದ ಮೇಲಿಂದ.

‘ನಾನು ದೇವರಾಜ ಸಾರ್!’

‘ಅವರು ತೀರಿಕೊಂಡಿದ್ದಾರೆ.’

‘ಅಯ್ಯೋ, ಇಲ್ಲೇ ನಿಂತಿದೀನಲ್ಲ ಸಾರ್. ಮುಟ್ಟಿ ನೋಡಿ.’

‘ಮುಟ್ಟೋದಕ್ಕೆ ನಿಯಮ ಇಲ್ಲ. ನಿಮ್ಮ ಮರಣಕ್ಕೆ ಫೋಟೋ ಸಮೇತ ಅರವತ್ತು ಸಾಕ್ಷಿ ಬಂದಿದೆ, ಜಗುಲಿಯಲ್ಲಿದೆ, ನೋಡಿ. ನೀವು ಬದುಕಿರೋದಕ್ಕೆ ಎಷ್ಟು ಸಾಕ್ಷಿ ತಂದಿದೀರಿ?’

‘ಅದು ಪ್ರಚಾರದ ಛತ್ರಿ ಸಾರ್! ಸನ್ಮಾನದ ಫೋಟೋ!’

‘ಪ್ರಚಾರ?’ ಕಿಟಕಿಯಲ್ಲಿ ಅರ್ಧ ಹೊರಗೆ ಸಿಕ್ಕಿಕೊಂಡಿದ್ದ ಒಬ್ಬರು ಹಿಂದಿರುಗಿ ಕೂಗಿದರು. ‘ಕಣ್ಣು ಮುಚ್ಕೊಂಡು ಯಾರಯ್ಯಾ ಪ್ರಚಾರ ಮಾಡ್ತಾರೆ! ನಮ್ಮ ಹೆಂಗಸ್ರು ಬೆಳಿಗ್ಗೆಯಿಂದ ಒಲೆ ಹಚ್ಚಿಲ್ಲ!’

‘ದೇವರಮನೆ ಗುಡ್ಡದಲ್ಲಿ ಜಾರಿದ್ರಂತೆ ಅಂದ್ರಲ್ಲ!’ ಎಂದರು ಇನ್ನೊಬ್ಬರು.

‘ಬೆಳಿಗ್ಗೆ ಜಾರಿದ್ರೆ ಹತ್ತು ಗಂಟೆಗೆ ಛತ್ರಿ ಪ್ರಿಂಟ್ ಆಗಿ ಬರೋದು ಹೆಂಗೆ ಅಂತ ನಾನು ಆಗ್ಲೇ ಕೇಳ್ದೆ. ಈಗೆಲ್ಲಾ ಕಂಪ್ಯೂಟರು ಮಾರಾಯ, ಹೆಣ ಏಳೋಕೆ ಮುಂಚೆ ಫೋಟೋ ಏಳುತ್ತೆ ಅಂತ ಇವ್ನೇ ಅಂದಿದ್ದು’ ಎಂದು ಮೂರನೆಯವರು ಪಕ್ಕದವನನ್ನು ತೋರಿಸಿದರು.

ಮೇಜಿನ ಕೆಳಗಿನಿಂದ ಚಂದ್ರಶೇಖರಪ್ಪನವರ ತಲೆ ನಿಧಾನವಾಗಿ ಮೇಲೆ ಬಂತು. ಭಯ ಇಳಿದಿತ್ತು, ಅದರ ಜಾಗದಲ್ಲಿ ಮತ್ತೊಂದು ಏರುತ್ತಿತ್ತು. ‘ಹಂಗಾದ್ರೆ ನೀನು ನಿಜವಾಗ್ಲೂ ಬದುಕಿದೀಯ?’

‘ಬದುಕಿದೀನಿ ಅಣ್ಣ. ನೀವೂ ಬದುಕಿದೀರಲ್ಲ, ಅದೇ ಸಂತೋಷ.’

‘ಸಂತೋಷದ ಮನೆ ಹಾಳಾಗ!’ ಎಂದು ಅವರು ಮೇಜು ಗುದ್ದಿದರು. ‘ಮಲ್ಲಿಕಾರ್ಜುನ ಅವ್ರೇ, ನಾನು ಕೊಟ್ಟ ಕಾಗದ ಹರಿದು ಹಾಕಿ! ಸತ್ತೋನಿಗೆ ಅಂತ ಕೊಟ್ಟಿದ್ದು ಅದು. ಬದುಕಿರೋನಿಗೆ ನಾನು ಯಾಕೆ ಬಿಟ್ಟುಕೊಡ್ಲಿ?’

ದೇವರಾಜನ ಕಿವಿ ನೆಟ್ಟಗಾಯಿತು. ‘ಎಂಥ ಕಾಗದ?’

ಮಲ್ಲಿಕಾರ್ಜುನ ಅವರು ನಡಾವಳಿ ಪುಸ್ತಕ ತೆರೆದು, ಊರಿನ ಮಳೆಯಷ್ಟೇ ನಿರ್ಭಾವವಾಗಿ ಓದಿದರು: ‘ಈ ದಿನ ಮಧ್ಯಾಹ್ನ ಎರಡು ಗಂಟೆ ನಲವತ್ತು ನಿಮಿಷಕ್ಕೆ, ಅಭ್ಯರ್ಥಿ ದೇವರಾಜರವರ ನಿಧನದ ಕಾರಣ ಅವರ ನಾಮಪತ್ರವನ್ನು ಕೈಬಿಡಲಾಯಿತು. ಎರಡು ಗಂಟೆ ಐವತ್ತು ನಿಮಿಷಕ್ಕೆ, ಅಭ್ಯರ್ಥಿ ಚಂದ್ರಶೇಖರಪ್ಪನವರು, ತಮ್ಮನಂಥ ದೇವರಾಜನಿಲ್ಲದ ಸ್ಪರ್ಧೆ ತಮಗೆ ಬೇಡವೆಂದು ಸಭೆಗೆ ತಿಳಿಸಿ, ಕಣ್ಣೀರಿಡುತ್ತಾ ನಾಮಪತ್ರ ಹಿಂತೆಗೆದುಕೊಂಡರು. ಸಹಿ ಇದೆ. ಮೂರು ಗಂಟೆಗೆ ಕಣದಲ್ಲಿ ಉಳಿದ ಏಕೈಕ ಅಭ್ಯರ್ಥಿ ಶ್ರೀಮತಿ ತುಂಗಮ್ಮನವರು ಅವಿರೋಧವಾಗಿ ಆಯ್ಕೆಯಾಗಿದ್ದಾರೆಂದು ಘೋಷಿಸಲಾಯಿತು.’

ಬೆಳಗಿನಿಂದ ಊರಿಗೆಲ್ಲ ಹಂಚಿ ಹೋದ ಆಘಾತದ ದೊಡ್ಡ ಪಾಲು ದೇವರಾಜನಿಗಾಗಿಯೇ ಉಳಿದಿತ್ತು. ತಟ್ಟನೆ ನೆನಪಾಗಿ ಎದೆಯ ಜೇಬಿಗೆ ಕೈ ಹಾಕಿದ. ‘ಇದೆ ಸಾರ್! ಅವಳದ್ದು ಡಮ್ಮಿ! ಹಿಂತೆಗೆಯೋ ಕಾಗದ ಇಲ್ಲಿದೆ! ಸಹಿ ಹಾಕಿದ್ದಾಳೆ!’ ಎಂದು ಎಳೆದ. ದೇವರಮನೆಯ ಮಳೆಯಲ್ಲಿ ನೆನೆದ ಕಾಗದ ಮೂರು ತುಂಡಾಗಿ, ಅದರಲ್ಲೊಂದು ತುಂಡು ಹಾರಕ್ಕೆ ಅಂಟಿಕೊಂಡು ಬಂತು.

ಮಲ್ಲಿಕಾರ್ಜುನ ಗೋಡೆಯ ಗಡಿಯಾರ ತೋರಿಸಿದರು. ಮೂರು ಗಂಟೆ ಹನ್ನೆರಡು ನಿಮಿಷ. ‘ಎಲ್ಲಿದ್ರಿ ಇಷ್ಟೊತ್ತು?’

ಬಸ್ ತಂಗುದಾಣದಲ್ಲಿ ನಾಯಿಯ ಮುಂದೆ ನಿಮ್ಮ ಮಾಜಿ ಅಧ್ಯಕ್ಷರಿಗೆ ಶ್ರದ್ಧಾಂಜಲಿ ಅಭ್ಯಾಸ ಮಾಡುತ್ತಿದ್ದೆ ಎಂದು ಹೇಳುವ ಬದಲು ದೇವರಾಜ ಹಾರಕ್ಕೆ ಅಂಟಿದ ತುಂಡು ಬಿಡಿಸತೊಡಗಿದ.

‘ಹೆಣ್ಣುಮಗಳು, ದುಃಖದಲ್ಲಿದ್ದಾಳೆ, ಕೆಲಸ ಹೆಂಗೂ ನಾನೇ ನೋಡ್ಕೊಂಡ್ರಾಯ್ತು ಅಂತ ಬಿಟ್ಟುಕೊಟ್ಟೆನಲ್ಲಪ್ಪ!’ ಎಂದು ಚಂದ್ರಶೇಖರಪ್ಪನವರು ತಲೆ ಚಚ್ಚಿಕೊಂಡರು. ಕೂಡಲೇ ತಾವು ಆಡಿದ್ದು ಮೈಕಿನಲ್ಲಿ ಎಂದು ಗೊತ್ತಾಗಿ ಮತ್ತೆ ಮೇಜಿನ ಕೆಳಗೆ ಏನನ್ನೋ ಹುಡುಕತೊಡಗಿದರು.

ದೇವರಾಜ ಹೆಂಡತಿಯ ಕಡೆ ತಿರುಗಿದ. ‘ತುಂಗಾ! ನಿಂಗೆ ಗೊತ್ತಿತ್ತಲ್ಲೇ! ಛತ್ರಿ ಮಾಡಿಸ್ತಿದೀನಿ ಅಂತ ನಿಂಗೆ ಹೇಳಿದ್ನಲ್ಲ! ಇವ್ರಿಗೆಲ್ಲ ಯಾಕೆ ಹೇಳ್ಲಿಲ್ಲ?’

ತುಂಗಮ್ಮ ಸಾವಿತ್ರಮ್ಮನ ಹಿಡಿತದಿಂದ ಮೆಲ್ಲಗೆ ತಲೆ ಬಿಡಿಸಿಕೊಂಡು, ಸೆರಗು ಸರಿಮಾಡಿಕೊಂಡಳು. ‘ಹೇಳ್ದೆ ರೀ. ಇವ್ರೆಲ್ಲ ಮನೆ ಬಾಗಿಲಿಗೆ ಬಂದಾಗ ಹೇಳ್ದೆ, ಇದು ಎಲೆಕ್ಷನ್ ಛತ್ರಿ, ಅವ್ರು ಬದುಕಿದ್ದಾರೆ ಅಂತ.’

‘ನಾವು ದುಃಖಕ್ಕೆ ಅತ್ತೆ ಸೊಸೆ ಇಬ್ರಿಗೂ ಬುದ್ಧಿ ಪಲ್ಲಟ ಆಗಿದೆ ಅಂದ್ಕೊಂಡ್ವಿ, ಅಮ್ಮನ್ನ ಮನೇಲೇ ಮಲಗ್ಸಿ ಇವ್ಳನ್ನ ಕರ್ಕೊಂಡ್ ಬಂದ್ವಿ’ ಎಂದರು ಸಾವಿತ್ರಮ್ಮ ಕಣ್ಣೊರೆಸಿಕೊಳ್ಳುತ್ತ. ‘ಪಾಪ, ದಾರೀಲೂ ಅದನ್ನೇ ಹೇಳ್ತಿದ್ಲು. ನಾನು ಬಾಯಿಗೆ ನೀರು ಬಿಟ್ಟೆ.’

‘ಇಲ್ಲಿ ಬಂದ ಮೇಲೂ ಹೇಳ್ದೆ’ ಎಂದಳು ತುಂಗಮ್ಮ. ‘ಈ ಸಾಹೇಬ್ರು ಹೇಳಿಕೆ ಬರವಣಿಗೇಲಿ ಕೊಡಿ ಅಂದ್ರು. ಅಷ್ಟರಲ್ಲಿ ಚಂದ್ರಶೇಖರಪ್ಪನವ್ರು ಅಳೋಕೆ ಶುರು ಮಾಡಿದ್ರು. ಮೂರು ಸಲ ಆಯ್ತಲ್ಲ.’

‘ನಾಲ್ಕನೇ ಸಲ ಹೇಳ್ಬೇಕಿತ್ತು!’

‘ಹೇಳೋಣ ಅಂತ ಬಾಯಿ ತೆಗೆದೆ ರೀ. ಅವ್ರು ಕಾಗದಕ್ಕೆ ಸಹಿ ಹಾಕ್ತಿದ್ರು. ದೊಡ್ಡವ್ರು ಬರೀವಾಗ ಮಧ್ಯೆ ಮಾತಾಡ್ಬಾರ್ದು ಅಂತ ಸುಮ್ನಾದೆ.’

ಕಿಟಕಿಗೆ ಸಿಕ್ಕಿಕೊಂಡಿದ್ದವರು ಮೊದಲು ನಕ್ಕರು. ಆಮೇಲೆ ಇಡೀ ಸಭೆಯೇ ನಕ್ಕಿತು. ದೇವರಾಜ ಒಬ್ಬನೇ ಹಾರ ಹಿಡಿದು ನಿಂತಿದ್ದ. ಅವನ ಹತ್ತಿರ ಬಂದು ತುಂಗಮ್ಮ ತಲೆ ಬಗ್ಗಿಸಿದಳು. ಇಡೀ ಊರು ನೋಡುತ್ತಿರುವಾಗ ಬೇರೆ ದಾರಿ ಇರಲಿಲ್ಲ; ದೇವರಾಜ ಹಾರ ಹಾಕಿದ. ಮಂಕಿ ಟೋಪಿ ಕೈಗೆ ಸಿಕ್ಕಿತು, ಹಾಕಿಕೊಂಡ.

‘ರಾಜೀನಾಮೆ ಕೊಡು ಮಾರಾಯ್ತಿ’ ಎಂದ ಕಿವಿಯಲ್ಲಿ, ಯಾರಿಗೂ ಕೇಳದಂತೆ. ‘ಮತ್ತೆ ಚುನಾವಣೆ ಆಗ್ಲಿ, ನಾನು ನಿಲ್ತೀನಿ.’

‘ನಿಲ್ಲಿ, ಯಾರು ಬೇಡ ಅಂದ್ರು?’ ಎಂದಳು ಅಧ್ಯಕ್ಷೆ ತುಂಗಮ್ಮ. ‘ಇನ್ನು ಐದು ವರ್ಷ ಇದೆ. ಅಲ್ಲೀವರೆಗೆ ಬದುಕಿರಿ.’